ರಾಜ್ಯಶಾಸ್ತ್ರಕ್ಕೆ ಅಂಕ ಬಂತು, ಊಟದ ಡಬ್ಬಿ ಮಾತ್ರ ಬೇರೆ ಬೇರೆ

ಪತ್ರ: ನನ್ನ ಮಗ ಒಂಬತ್ತನೇ ಕ್ಲಾಸ್. ರಾಜ್ಯಶಾಸ್ತ್ರದಲ್ಲಿ ಒಳ್ಳೆ ಮಾರ್ಕ್ಸ್ ತರುತ್ತಾನೆ. ಆದರೆ ಅವನ ಕ್ಲಾಸಿನಲ್ಲಿ ಊಟಕ್ಕೆ ಕೂರುವಾಗ ಭಾಷೆಗೊಂದು, ಧರ್ಮಕ್ಕೊಂದು ಗುಂಪು. ವಾಟ್ಸಾಪಿನಲ್ಲಿ ‘ನಿಮ್ಮವರು, ನಮ್ಮವರು’ ಎಂಬ ಮಾತು. ಹಾಗಾದರೆ ಆ ಪಾಠ ಓದಿ ಏನು ಬಂತು?
– ಓದುಗರೊಬ್ಬರು, ಡೊಂಬಿವಲಿ

ಸಂಪಾದಕರ ಉತ್ತರ:

ಅಕ್ಕಾ, ನಿಮ್ಮ ಪತ್ರ ಓದಿ ಮನಸ್ಸಿಗೆ ಕಷ್ಟವಾಯಿತು. ನಿಮ್ಮ ಮಗನನ್ನು ಬೈಯಬೇಡಿ. ನಾವು ದೊಡ್ಡವರು ಆ ಪಾಠವನ್ನು ಪರೀಕ್ಷೆಗೆ ಬಿಟ್ಟುಕೊಟ್ಟಿದ್ದೇವೆ.

ಮುಂದಿನ ವರ್ಷ ಎಸ್ಸೆಸ್ಸಿಯಲ್ಲಿ (ಮಹಾರಾಷ್ಟ್ರದ ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ) ಇತಿಹಾಸ, ರಾಜ್ಯಶಾಸ್ತ್ರ ಸೇರಿ 40 ಅಂಕದ ಒಂದೇ ಪತ್ರಿಕೆ. ಅದರಲ್ಲಿ ರಾಜ್ಯಶಾಸ್ತ್ರದ ಪಾಲು ಚಿಕ್ಕದು. ಹಿಂದಿನ ರಾತ್ರಿ ಓದಿದರೆ ಸಾಕು ಅನ್ನಿಸುತ್ತದೆ. ಧರ್ಮ, ಭಾಷೆ, ಪ್ರದೇಶದ ಭೇದ ದಾಟಿ ಸಾಮರಸ್ಯ ಬೆಳೆಸಬೇಕು ಎಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. 1976ರಲ್ಲಿ ಸೇರಿಸಿದ ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಅದೂ ಒಂದು. ನಿಮ್ಮ ಮಗನಿಗೆ ಬಾಯಿಪಾಠ ಬರುತ್ತಿರಬಹುದು. ಆದರೆ ಪಕ್ಕದ ಗುಂಪಿನ ಹುಡುಗನ ಜೊತೆ ಸೇರಿ ಅವನು ಇದುವರೆಗೆ ಯಾವ ಕೆಲಸವನ್ನೂ ಮಾಡಿಲ್ಲ, ಅಲ್ವಾ?

ನಾನು ಮುಂಬೈಯ ಫೋರ್ಟ್‌ನ ರಾತ್ರಿ ಶಾಲೆಯಲ್ಲಿ ಓದಿದವನು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವುದು, ರಾತ್ರಿ ಪಾಠ. ಬೆಂಚಿನಲ್ಲಿ ನನ್ನ ಎಡಕ್ಕೆ ಮೀನುಗಾರ ಮೊಗವೀರರ ಹುಡುಗ, ಬಲಕ್ಕೆ ಕರಾವಳಿಯ ಮುಸಲ್ಮಾನರಾದ ಬ್ಯಾರಿಗಳ ಹುಡುಗ. ಊರಿನಲ್ಲಾಗಿದ್ದರೆ ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಕುಡಿಯುತ್ತಿದ್ದೆವೋ ಇಲ್ಲವೋ. ಇಲ್ಲಿ ಒಂದೇ ಪುಸ್ತಕವನ್ನು ಮೂವರೂ ಓದಬೇಕಿತ್ತು. ಒಬ್ಬ ನಿದ್ದೆಗೆ ಜಾರಿದರೆ ಇನ್ನೊಬ್ಬ ಅವನಿಗಾಗಿ ನೋಟ್ಸ್ ಬರೆದಿಡುತ್ತಿದ್ದ. ಸಾಮರಸ್ಯ ಎಂಬ ಪದವನ್ನು ಯಾರೂ ನಮಗೆ ಹೇಳಿಕೊಡಲಿಲ್ಲ. ಆ ಬ್ಯಾರಿ ಗೆಳೆಯ ಇವತ್ತಿಗೂ ನನ್ನ ಮನೆಯವನೇ.

ನಿಮ್ಮ ಹತ್ತಿರದ ಭಿವಂಡಿಯನ್ನೇ ನೋಡಿ. 1984ರಲ್ಲಿ ಅಲ್ಲಿ ಭಯಂಕರ ಕೋಮು ಗಲಭೆ ನಡೆಯಿತು. ಆಮೇಲೆ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಹಿಂದೂಗಳು, ಮುಸಲ್ಮಾನರು ಒಟ್ಟಿಗೆ ಕೂತು ಗಲ್ಲಿಯ ಸಣ್ಣಪುಟ್ಟ ಜಗಳ ಬಗೆಹರಿಸುತ್ತಿದ್ದರು. 1992-93ರಲ್ಲಿ ಮುಂಬೈ ಹೊತ್ತಿ ಉರಿಯಿತು, ಭಿವಂಡಿ ಶಾಂತವಾಗಿತ್ತು. ಹೊರಗಿನಿಂದ ಸುಳ್ಳು ಸುದ್ದಿ ಬಂದರೆ ‘ನಿಜವೇನು’ ಎಂದು ಕೇಳಲು ಆಚೆ ಬೀದಿಯಲ್ಲಿ ಪರಿಚಯದ ಮುಖ ಇರಬೇಕು. ನಿಮ್ಮ ಮಗನ ವಾಟ್ಸಾಪ್ ಗುಂಪಿಗೂ ಬೇಕಾದದ್ದು ಇದೇ.

ಅವನ ಟೀಚರ್ ಹತ್ತಿರ ಮಾತಾಡಿ. ಬೇರೆ ಬೇರೆ ಗುಂಪಿನ ಆರು ಮಕ್ಕಳಿಗೆ ಒಂದೇ ಕೆಲಸ ಕೊಡಲಿ. ಶಾಲೆಯ ಎದುರಿನ ಒಡೆದ ಫುಟ್‌ಪಾತ್ ಆಗಬಹುದು, ತುಂಬಿದ ಗಟಾರ ಆಗಬಹುದು. ಒಬ್ಬ ಫೋಟೋ ತೆಗೆಯಲಿ, ಮರಾಠಿ ಚೆನ್ನಾಗಿ ಬರುವವನು ಅರ್ಜಿ ಬರೆಯಲಿ, ಎಲ್ಲರೂ ಸಹಿ ಹಾಕಲಿ. ಟೀಚರ್ ಜೊತೆ ಮಹಾನಗರಪಾಲಿಕೆಯ ವಾರ್ಡ್ ಆಫೀಸಿಗೆ ಹೋಗಿ, ಅರ್ಜಿ ಕೊಟ್ಟು, ಪ್ರತಿಯ ಮೇಲೆ ಅರ್ಜಿ ತಲುಪಿದ ಗುರುತಿನ ಇನ್ವರ್ಡ್ ನಂಬರ್ ಹಾಕಿಸಿಕೊಂಡು ಬರಲಿ. ಹದಿನೈದು ದಿನ ಕಳೆದರೂ ಉತ್ತರ ಇಲ್ಲದಿದ್ದರೆ ಮತ್ತೆ ಹೋಗಲಿ. ಆ ಓಡಾಟದಲ್ಲಿ ಡಬ್ಬಿಗಳು ತಾವಾಗಿಯೇ ಹತ್ತಿರ ಬರುತ್ತವೆ ಎಂದು ನನಗೆ ನಂಬಿಕೆ ಇದೆ.

ಇಲ್ಲಿನ ನಮ್ಮ ಕನ್ನಡ ಸಂಘಗಳಿಗೂ ಒಂದು ಮಾತು. ರಾಜ್ಯೋತ್ಸವದ ಸ್ಪರ್ಧೆಗಳಿಗೆ ನಮ್ಮ ಮಕ್ಕಳನ್ನೇ ಕರೆಯುತ್ತೇವೆ. ಅದೇ ಬಿಲ್ಡಿಂಗಿನ ಮರಾಠಿ, ಗುಜರಾತಿ, ಉರ್ದು ಮಾತಾಡುವ ಮಕ್ಕಳು ಬಾಗಿಲಲ್ಲಿ ನಿಂತು ನೋಡುತ್ತಾರೆ. ಈ ಸಲ ಅವರನ್ನೂ ಒಳಗೆ ಕರೆಯಿರಿ, ದಯವಿಟ್ಟು.

ಅಕ್ಕಾ, ಮಕ್ಕಳು ಬರೆದ ಅರ್ಜಿಯ ಒಂದು ಪ್ರತಿ ನನಗೆ ಕಳಿಸಿ. ಪಾಲಿಕೆಯ ಉತ್ತರ ಬಂದರೆ ಅದನ್ನೂ ಕಳಿಸಿ. ನವೆಂಬರ್ 26ರ ಸಂವಿಧಾನ ದಿನಕ್ಕೆ ಎರಡನ್ನೂ ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.