ಮುಳುಗಿ ಸತ್ತವರ ಅಂಕಿಅಂಶದಿಂದ ಮುಂದಿನ ಸಾವು ತಡೆಯುವುದು ಹೇಗೆ?

ಬರೀ ಒಟ್ಟು ಸಂಖ್ಯೆಯಿಂದ ಹೆಚ್ಚೇನೂ ಆಗುವುದಿಲ್ಲ. ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ, ಏನು ಮಾಡುತ್ತಿದ್ದಾಗ ಮುಳುಗಿದರು ಎಂದು ಬಿಡಿಸಿ ನೋಡಿದಾಗಲೇ ಎಲ್ಲಿ ತಡೆಯಬಹುದು ಅನ್ನುವುದು ಕಾಣುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ 5 ವರ್ಷದೊಳಗಿನ ಮಕ್ಕಳು. ಇಷ್ಟು ಚಿಕ್ಕ ಮಗು ಈಜಲು ಹೋಗಿ ಸಾಯುವುದು ಕಡಿಮೆ. ಮನೆ ಹತ್ತಿರದ ಹೊಂಡಕ್ಕೋ ತೊಟ್ಟಿಗೋ ಜಾರಿ ಬೀಳುತ್ತದೆ. ಕೂಗು ಕೇಳಿಸುವುದಿಲ್ಲ, ಕೆಲವೇ ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ನದಿ ದಡದಲ್ಲಿ ಎಚ್ಚರಿಕೆ ಫಲಕ ನೆಟ್ಟರೆ ಈ ಮಕ್ಕಳು ಉಳಿಯುವುದಿಲ್ಲ. ಬೇಕಾದದ್ದು ಬೇಲಿ, ಮುಚ್ಚಳ, ಜೊತೆಗೆ ಕಣ್ಣಿಟ್ಟು ನೋಡಿಕೊಳ್ಳುವ ದೊಡ್ಡವರೊಬ್ಬರು.

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಪುಟ್ಟ ಮಕ್ಕಳ ಸಾವು ಹೆಚ್ಚಾಗಿ ಬೆಳಗ್ಗೆ 9ರಿಂದ ಮಧ್ಯಾಹ್ನ 1ರ ನಡುವೆ, ತಾಯಂದಿರಿಗೆ ಕೈ ಬಿಡುವಿಲ್ಲದ ಹೊತ್ತಿನಲ್ಲಿ ಆಗುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಊರೊಳಗೇ ಶಿಶುಪಾಲನಾ ಕೇಂದ್ರ ನಡೆಸಿದರು. ಅಲ್ಲಿಗೆ ಬಂದ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ತೀರಾ ಇಳಿಯಿತು. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಒಂದು ಎಚ್ಚರ: ನೆರೆ ಮತ್ತು ದೋಣಿ ದುರಂತದ ಸಾವುಗಳನ್ನು ಹಲವು ಬಾರಿ ಬೇರೆ ಲೆಕ್ಕಕ್ಕೆ ಹಾಕುತ್ತಾರೆ. ಅವನ್ನೂ ಸೇರಿಸಿ ನೋಡದಿದ್ದರೆ ಲೈಫ್ ಜಾಕೆಟ್ ಎಲ್ಲಿ ಕಡ್ಡಾಯವಾಗಬೇಕು ಅನ್ನುವುದೇ ಗೊತ್ತಾಗುವುದಿಲ್ಲ.