ಜನವರಿಯ ಸಂಕಲ್ಪ ಫೆಬ್ರವರಿಗೇ ನಿಲ್ಲುವುದೇಕೆ?

ವರ್ಷದೊಳಗೆ ಪೂರ್ತಿ ಬೈಬಲ್ ಓದುವುದು, ದಿನಾ ಒಂದು ಗಂಟೆ ಪ್ರಾರ್ಥನೆ, ಕೋಪ ಬಿಡುವುದು ಅಂತ ಹೊರಟು ಫೆಬ್ರವರಿಗೇ ನಿಂತಿತು, ಗುರಿ ಇಟ್ಟುಕೊಳ್ಳುವುದೇ ಅಪನಂಬಿಕೆಯೋ ಅಂತ ಕೇಳಿದ್ದೀರಿ. ಅಲ್ಲ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವ ಮಾತು ಬೈಬಲ್‌ನ ಲೂಕ 14:28ರಲ್ಲೇ ಇದೆ. ನಿಮ್ಮಲ್ಲಿ ತಪ್ಪಿದ್ದು ಆ ಲೆಕ್ಕ.

ಬೈಬಲ್‌ನಲ್ಲಿ ಒಟ್ಟು 1189 ಅಧ್ಯಾಯ. ದಿನಕ್ಕೆ ಮೂರರಂತೆ ಆದಿಕಾಂಡದ 50, ವಿಮೋಚನಕಾಂಡದ 40 ಮುಗಿಸಿದರೆ ಜನವರಿ 31ಕ್ಕೆ ಯಾಜಕಕಾಂಡ ಎದುರಾಗುತ್ತದೆ. ಬಲಿಯ ನಿಯಮ, ಕುಷ್ಠದ ನಿಯಮ. ಬಹಳ ಜನ ಕೈಚೆಲ್ಲುವುದು ಅಲ್ಲೇ. ಅಷ್ಟರಲ್ಲಿ ತೀರ್ಥಹಳ್ಳಿ ಕಡೆಯವರಿಗೆ ಅಡಿಕೆ ಸುಲಿದು, ಬೇಯಿಸಿ ಮೈಯೂ ಸೋತಿರುತ್ತದೆ ಬಿಡಿ.

ಅದರ ಬದಲು ಬೈಬಲ್‌ನ ಎರಡನೆಯ ಭಾಗವಾದ ಹೊಸ ಒಡಂಬಡಿಕೆ ಹಿಡಿಯಿರಿ. 260 ಅಧ್ಯಾಯ, ವಾರಕ್ಕೆ ಐದರಂತೆ ಸರಿಯಾಗಿ 52 ವಾರ. ಉಳಿದೆರಡು ದಿನ ತಪ್ಪಿದ್ದನ್ನು ಓದಲು. ಅದರಲ್ಲಿನ ಮಾರ್ಕನ ಸುವಾರ್ತೆಯಿಂದ ಶುರು ಮಾಡಿ, ಬರೀ 16 ಅಧ್ಯಾಯ. ಪುಸ್ತಕದಲ್ಲೇ ಓದಿ, ಮೊಬೈಲ್ ಬೇಡ, ಮಳೆಗಾಲದ ಕರೆಂಟ್ ನೆಚ್ಚುವಂಥದ್ದಲ್ಲ. ಪ್ರಾರ್ಥನೆ ಬೆಳಗಿನ ಕಾಫಿಗೆ ಮುಂಚೆ ಹತ್ತು ನಿಮಿಷ ಸಾಕು.

"ಕೋಪ ಬಿಡುತ್ತೇನೆ" ಅನ್ನುವುದನ್ನು ಅಳೆಯುವುದು ಹೇಗೆ? "ರೇಗಿದರೆ ಹೊತ್ತು ಮುಳುಗುವುದರೊಳಗೆ ಕ್ಷಮೆ ಕೇಳುತ್ತೇನೆ" ಅಂತ ಬರೆದುಕೊಳ್ಳಿ, ಎಫೆಸದವರಿಗೆ 4:26 ಅದಕ್ಕೆ ಆಧಾರ. ತಿಂಗಳಿಗೊಮ್ಮೆ ಆ ಚೀಟಿಯನ್ನು ಸಭೆಯ ಹಿರಿಯರೊಬ್ಬರಿಗೆ ತೋರಿಸಿ. ಮನೆಯವರಿಗೆ ಬೇಡ, ಅದು ಜಗಳಕ್ಕೆ ದಾರಿ.