ಬ್ರಾಡ್‌ಫರ್ಡ್‌ನಿಂದ ಡಂಡಾಸ್‌ವರೆಗೆ ಹೋಗಿಬನ್ನಿ

ವಯಸ್ಸಾದ ಅಪ್ಪ ಅಮ್ಮನ ಜೊತೆ, ಅನುಭವವಿಲ್ಲದೆ, ಇಂಗ್ಲೆಂಡಿನ ಕಾಲುವೆಯಲ್ಲಿ ಒಂದು ದಿನಕ್ಕೆ ನ್ಯಾರೋಬೋಟ್ (ಉದ್ದನೆಯ, ಕಿರಿದಾದ ಕಾಲುವೆ ದೋಣಿ) ಬಾಡಿಗೆಗೆ ಹಿಡಿಯಬಹುದಾ ಅಂತ ಕೇಳಿದ್ದೀರಿ. ಧೈರ್ಯವಾಗಿ ಹಿಡಿಯಿರಿ. ಲೈಸೆನ್ಸ್ ಬೇಕಿಲ್ಲ. ಹೊರಡುವ ಮುಂಚೆ ಬಾಡಿಗೆ ಕೊಡುವವರೇ ನಡೆಸೋದು ಹೇಳಿಕೊಡುತ್ತಾರೆ.

ನನ್ನ ಆಯ್ಕೆ ಕೆನೆಟ್ ಅಂಡ್ ಏವನ್ ಕಾಲುವೆ. ಬ್ರಾಡ್‌ಫರ್ಡ್ ಆನ್ ಏವನ್ ಊರಿನ ಲಾಕ್ ದಾಟಿದ ಮೇಲೆ ಬಾತ್ ಊರಿನ ತನಕ ಒಂದೂ ಲಾಕ್ ಇಲ್ಲ. ಲಾಕ್ ಅಂದ್ರೆ ಎರಡೂ ಕಡೆ ಗೇಟು ಇರುವ, ನೀರಿನ ಮಟ್ಟ ಏರಿಸಿ ಇಳಿಸುವ ತೊಟ್ಟಿ. ಪ್ರತಿಸಲ ಯಾರಾದರೂ ದಡಕ್ಕಿಳಿದು, ಭಾರದ ಗೇಟು ತಳ್ಳಬೇಕು. ಹಿರಿಯರಿದ್ದಾಗ ಆ ಕೆಲಸ ಬೇಡ.

ದಾರಿಯಲ್ಲಿ ಏವನ್‌ಕ್ಲಿಫ್, ಆಮೇಲೆ ಡಂಡಾಸ್. ಎರಡೂ ಕಡೆ ಕಲ್ಲಿನ ಸೇತುವೆಯ ಮೇಲೆ ಕಾಲುವೆ ಹರಿಯುತ್ತದೆ, ಕೆಳಗೆ ಏವನ್ ನದಿ! ಕಟ್ಟಿಸಿದ ಎಂಜಿನಿಯರ್ ಜಾನ್ ರೆನ್ನಿ. ಡಂಡಾಸ್ ಮೇಲೆ ನಮ್ಮಮ್ಮ ಮಾತೇ ಆಡಲಿಲ್ಲ, ಸುಮ್ನೆ ನೋಡುತ್ತಾ ಕೂತಿದ್ದರು. ಆ ಸೇತುವೆ ದಾಟಿದ ಕೂಡಲೇ ಕಾಲುವೆ ಅಗಲವಾಗಿದೆ, ಅಲ್ಲೇ ತಿರುಗಿಸಿಕೊಂಡು ಬನ್ನಿ.

ನಡೆಸುವಾಗ ಒಂದು ಮಾತು ನೆನಪಿರಲಿ. ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ, ಅದೂ ನಿಧಾನವಾಗಿ. ಆತುರಪಟ್ಟು ಜಾಸ್ತಿ ತಳ್ಳಬೇಡಿ. ಎದುರಿಗೆ ದೋಣಿ ಬಂದರೆ ಬಲಕ್ಕೆ ಸರಿಯಿರಿ. ವೇಗದ ಮಿತಿ ಗಂಟೆಗೆ 4 ಮೈಲಿ. ಕಟ್ಟಿಹಾಕಿದ ದೋಣಿಗಳ ಪಕ್ಕ ಇನ್ನೂ ನಿಧಾನ, ಒಳಗೆ ಜನ ಸಂಸಾರ ಮಾಡಿಕೊಂಡಿರುತ್ತಾರೆ ಅಲ್ವಾ?

ಬೇಸಿಗೆಯಲ್ಲೂ ಸ್ವೆಟರ್ ಇರಲಿ. ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ ಕಟ್ಟಿಕೊಂಡು ಹೋಗಿ.